ಸಂತೆ ದಿನದ ಗುಳಿಗೆ

ನಮ್ಮ ಡಾಕ್ಟರಬಾಯಿ ಹೋದ ತಿಂಗಳು ತೀರಿಕೊಂಡರು. ಸುದ್ದಿ ಹೇಳಲು ಫೋನು ಮಾಡಿದವನಿಗೆ ನಾನು ಅಂದ ಮೊದಲ ಮಾತು, "ಏನಂದಿ? ತಿರುಗಿ ಹೇಳು." ನನಗೆ ಕಿವಿ ಮಂದವಾಗಿದೆ ಅಂದುಕೊಂಡು ಅವನು ಇನ್ನೂ ಜೋರಾಗಿ ಒದರಿದ. ನನ್ನ ಕಿವಿ ನೆಟ್ಟಗಿವೆ. ಅದು ಡಾಕ್ಟರಬಾಯಿಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಲ್ಯಾಬು ನೋಡಿಕೊಂಡಿದ್ದ ನನಗೆ ಅಂಟಿಕೊಂಡ ಚಟ. ಆ ಚಟ ಎಲ್ಲಿಂದ ಬಂತು ಅನ್ನುವುದನ್ನು ಹೇಳಿದರೆ ಅವರೆಂಥವರು ಅನ್ನುವುದನ್ನೂ ಹೇಳಿದ ಹಾಗಾಗುತ್ತದೆ.

ಅವರ ಹೆಸರು ಬರೆಯುವುದಿಲ್ಲ. ಗೋಡೆಯ ಮೇಲೆ ತಮ್ಮ ಹೆಸರಿನ ಬೋರ್ಡು ಹಾಕಿಸುವುದಕ್ಕೇ ಬೈದಾಡಿದ ಹೆಂಗಸು. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಕೀಲುಬ್ಯಾನಿ ಬಾಯಿ ದವಾಖಾನಿ" ಅಂದರೆ ಆಟೋದವನು ಮರುಮಾತಿಲ್ಲದೆ ತಂದು ಬಿಡುತ್ತಿದ್ದ. ಕುಳ್ಳಗಿದ್ದರು. ದನಿ ಮಾತ್ರ ಎರಡಾಳಿನದು. ಕೈಗೆ ಬಳೆ ಇಲ್ಲ, ಕೊರಳಲ್ಲಿ ಒಂದೆಳೆ ಸರ, ಮಣಿಕಟ್ಟಿನ ಒಳಬದಿಗೆ ಮುಖ ಮಾಡಿದ ಒಂದು ಗಡಿಯಾರ. ಪೇಷಂಟಿನ ಕೈ ಹಿಡಿಯುವ ಮೊದಲು ತಮ್ಮ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಆಮೇಲೆ ಬೆರಳಿನ ಗಂಟುಗಳನ್ನು ಒಂದೊಂದಾಗಿ ಒತ್ತುತ್ತಾ ಹೋಗುವರು. ಕಣ್ಣು ಮಾತ್ರ ಪೇಷಂಟಿನ ಮುಖದ ಮೇಲೆ. "ಬಾಯಿ ಸುಳ್ಳ ಹೇಳ್ತದ ತಮ್ಮಾ, ಹುಬ್ಬು ಹೇಳಂಗಿಲ್ಲ" ಅಂತ ನನಗೆ ಹೇಳಿದ್ದರು.

ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಜನಕ್ಕೆ ಒಂದು ನಂಬಿಕೆ ಕೂತುಬಿಟ್ಟಿತ್ತು. ಎಲ್ಲ ಕೀಲುಬೇನೆಗೂ ಕೆನಾಲ್ ನೀರಿನ ಥಂಡಿಯೇ ಕಾರಣ ಅಂತ. ಒಮ್ಮೆ ಕಾಲುವೆಯ ಕೊನೆಯ ಊರಿನ ರೈತನೊಬ್ಬ ಬಂದು ಹಾಗೇ ಅಂದ.

"ಕೆನಾಲ್ ಬಂದಾಗಿಂದ ಮೊಣಕಾಲು ಹಿಡದಾವ್ರಿ ಬಾಯಿ."

"ನಿಮ್ಮ ಹೊಲಕ್ಕ ಕೆನಾಲ್ ನೀರ ಬರ್ತದೇನು?"

"ಎಲ್ಲಿದ್ರಿ? ಮ್ಯಾಲಿನವ್ರು ಬಿಟ್ರ ಬರ್ಬೇಕಲ್ರಿ!"

"ಹೊಲಕ್ಕ ಬಾರದ್ದು ಮೊಣಕಾಲಿಗಿ ಹ್ಯಾಂಗ ಬಂತೋ ಮಾರಾಯ?"

ಬೆಂಚಿನ ಮೇಲೆ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ರೈತನೂ ನಕ್ಕ. ಅವರ ಮಾತು ಒರಟು, ಆದರೆ ಯಾರೂ ಸಿಟ್ಟು ಮಾಡಿಕೊಂಡು ಹೋದದ್ದನ್ನು ನಾನು ನೋಡಿಲ್ಲ.

ಅವರಿಗೆ ಕಾಲುವೆಯ ಬಗ್ಗೆ ಮಾತಾಡುವ ಹಕ್ಕಿತ್ತು. ಅವರ ಅಪ್ಪ ಭೀಮರಾಯನಗುಡಿಯ ಕಾಲುವೆ ಕ್ಯಾಂಪಿನಲ್ಲಿ ವೈರ್‌ಲೆಸ್ ಆಪರೇಟರ್. ನೀರು ಬಿಡುವುದಕ್ಕೆ ಶುರುವಾದ ಕಾಲದಲ್ಲಿ ಈಕೆ ಹೈಸ್ಕೂಲು ಹುಡುಗಿ. ಅಪ್ಪನಿಗೆ ಬುತ್ತಿ ಒಯ್ದುಕೊಟ್ಟು ಆ ಕೋಣೆಯಲ್ಲೇ ಕೂತು ಲೆಕ್ಕ ಬಿಡಿಸುತ್ತಿದ್ದರಂತೆ. ಮೇಲಿನಿಂದ ಸುದ್ದಿ ಬರುತ್ತಿತ್ತು: ಇಂಥ ಗೇಟು ಇಷ್ಟು ಎತ್ತಿ, ಇಂಥದ್ದು ಇಳಿಸಿ. ಅಪ್ಪ ಅದನ್ನು ಕೆಳಗಿನ ಗೇಟಿನವನಿಗೆ ದಾಟಿಸುತ್ತಿದ್ದ. ದಾಟಿಸಿ ಅಷ್ಟಕ್ಕೇ ಬಿಡುತ್ತಿರಲಿಲ್ಲ. "ನಾ ಏನಂದೆ, ತಿರುಗಿ ಹೇಳು" ಅನ್ನುತ್ತಿದ್ದ. ಗೇಟಿನವನು ಅಕ್ಷರ ಬಿಡದೆ ತಿರುಗಿ ಹೇಳಿದ ಮೇಲೆಯೇ ಅವನು ಕಿವಿಯಿಂದ ಹೆಡ್‌ಫೋನು ತೆಗೆಯುತ್ತಿದ್ದದ್ದು. ತಿರುಗಿ ಹೇಳದ ಸುದ್ದಿ ಮುಟ್ಟದ ಸುದ್ದಿ ಎಂಬುದು ಅವನ ನೇಮ. ಈ ಕತೆಯನ್ನು ಡಾಕ್ಟರಬಾಯಿ ಚಹಾ ಕುಡಿಯುವಾಗ ಎಷ್ಟು ಸಲ ಹೇಳಿದ್ದರೋ! ಹೇಳಿ ನಗುತ್ತಿದ್ದರು, ಅಷ್ಟೇ. ಅದು ತಮಗೂ ಬೇಕಾದ ಮಾತು ಅಂತ ಅವರಿಗೆ ಆಗ ಅನಿಸಿರಲಿಲ್ಲ.

ರೋಗವನ್ನು ವಿವರಿಸುವಾಗ ಮಾತ್ರ ಅಪ್ಪನ ಕೋಣೆಯೇ ಅವರಿಗೆ ಪಾಠಶಾಲೆ. ಸಂಧಿವಾತದಲ್ಲಿ ಒಂದು ಬಗೆ ಇದೆ. ಅಲ್ಲಿ ಕೀಲು ಸವೆದದ್ದಲ್ಲ. ಮೈ ಕಾಯಬೇಕಾದ ರಕ್ತಕಣಗಳೇ ನಮ್ಮ ಕೀಲನ್ನು ಶತ್ರು ಅಂತ ತಿಳಿದು ಮೇಲೆ ಬೀಳುತ್ತವೆ. ಆ ಕಣಗಳು ಒಂದಕ್ಕೊಂದು ಸುದ್ದಿ ಕಳಿಸಿಕೊಳ್ಳುತ್ತವೆ. ಆ ಸುದ್ದಿಯ ಅಣುಗಳಿಗೆ ಸೈಟೊಕೈನ್ ಅಂತ ಹೆಸರು. ಟಿಎನ್‌ಎಫ್ ಅಂತ ಒಂದು, ಇಂಟರ್‌ಲ್ಯೂಕಿನ್ ಆರು ಅಂತ ಇನ್ನೊಂದು, ಹೀಗೆ ಹಲವು. ಗಾಯವಾದರೆ, ಸೋಂಕು ತಗುಲಿದರೆ "ಬರ್ರಿ, ಬರ್ರಿ" ಅನ್ನುವ ಸುದ್ದಿ ಹೋಗಬೇಕು. ಕೆಲಸ ಮುಗಿದ ಮೇಲೆ ನಿಲ್ಲಬೇಕು. ಈ ರೋಗದಲ್ಲಿ ಅದು ನಿಲ್ಲುವುದಿಲ್ಲ.

"ಗೇಟ ಎತ್ತು ಅನ್ನೂ ಸುದ್ದಿ ಬರಾಕತ್ತದ, ಬರಾಕತ್ತದ, ಇಳಿಸು ಅನ್ನೂದು ಬರವಲ್ದು. ಹೊಲ ಏನಾಗ್ತದ?" ಅಂತ ಕೇಳುವರು.

"ಕೊಚ್ಚಿ ಹೋಗ್ತದ್ರಿ."

"ನಿನ್ನ ಬೆರಳಿನ ಗಂಟಿನಾಗ ಅದೇ ನಡದದ."

ಓದಿಲ್ಲದ ಮುದುಕಿಗೂ ತಿಳಿಯುತ್ತಿತ್ತು. ನೋವಿನ ಗುಳಿಗೆ ನೋವನ್ನಷ್ಟೇ ಮುಚ್ಚುತ್ತದೆ, ಒಳಗೆ ಕೀಲು ತಿನ್ನುವುದು ನಡೆದೇ ಇರುತ್ತದೆ. ಸ್ಟೆರಾಯ್ಡು ಎಲ್ಲ ಸುದ್ದಿಯನ್ನೂ ಒಟ್ಟಿಗೆ ಅಡಗಿಸುತ್ತದೆ, ಅದರ ಮೇಲೇ ಬದುಕಿದರೆ ಎಲುಬು ಟೊಳ್ಳಾಗುತ್ತದೆ ಅಂತ ಗದರಿಸುತ್ತಿದ್ದರು. ಅವರ ನೆಚ್ಚಿನ ಔಷಧ ಮೆಥೊಟ್ರೆಕ್ಸೇಟ್. ಈ ಗದ್ದಲವನ್ನು ನಿಧಾನಕ್ಕೆ ತಗ್ಗಿಸುವ ಗುಳಿಗೆ. ಒಂದೇ ಒಂದು ತಾಪತ್ರಯ: ಅದನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು. ದಿನಾ ನುಂಗಿದರೆ ವಿಷ.

ಹೊಲದಲ್ಲಿ ಕೆಲಸ ಮಾಡುವ ಹೆಂಗಸರಿಗೆ ವಾರದ ಲೆಕ್ಕ ನೆನಪಿರುವುದು ಹೇಗೆ? ಅದಕ್ಕೆ ಡಾಕ್ಟರಬಾಯಿ ಒಂದು ಯುಕ್ತಿ ತೆಗೆದರು. "ಸಂತಿ ದಿನ ಈ ಗುಳಿಗಿ. ಸಂತಿ ಇಲ್ಲದ ದಿನ ಈ ಇನ್ನೊಂದು" ಅಂತ ಹೇಳುವುದು. ಇನ್ನೊಂದು ಅಂದರೆ ಫೋಲಿಕ್ ಆಮ್ಲದ ಗುಳಿಗೆ, ಮೊದಲನೆಯದರ ಕಾವು ಮೈಗೆ ತಾಕದಂತೆ ಕಾಯುವುದು. ಊರಿಗೊಂದು ಸಂತೆ, ವಾರಕ್ಕೊಂದು ಸಂತೆ. ಸಂತೆ ಮರೆಯುವ ಹೆಂಗಸು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ಯುಕ್ತಿ ಫಲಿಸಿತು. ಪೊಟ್ಟಣದ ಮೇಲೆ ಬುಟ್ಟಿಯ ಚಿತ್ರವಿರುವ ಠಸ್ಸೆ ಹೊಡೆಸಿದರು. ಕಲಬುರಗಿಯ ಡಾಕ್ಟರರ ಸಭೆಯಲ್ಲೂ ಹೇಳಿ ಚಪ್ಪಾಳೆ ಹೊಡೆಸಿಕೊಂಡು ಬಂದರು. ಅವತ್ತು ನಮಗೆಲ್ಲ ಪೇಢೆ ತಂದಿದ್ದರು. ಹೆಮ್ಮೆ ಇತ್ತು ಅವರಿಗೆ, ಯಾಕಿರಬಾರದು?

ಆಗಲೇ ಖಾಜಾಬಿ ಬಂದದ್ದು.

ಖಾಜಾಬಿ ಬಳೆಗಾರ್ತಿ, ಸುರಪುರದವಳು. ಗಂಡ ಬಹಳ ಹಿಂದೆಯೇ ಕ್ಷಯದಿಂದ ತೀರಿಕೊಂಡಿದ್ದ. ಗಾಜಿನ ಬಳೆಯ ಬುಟ್ಟಿ ಹೊತ್ತು ಒಬ್ಬಳೇ ಬದುಕು ಕಟ್ಟಿದವಳು. ಬಾಯಿ ಅಂದರೆ ಬಾಯಿ! ಎಂಥ ಬಿರುಸು ಕೈಯನ್ನೂ ಮಾತಾಡಿಸುತ್ತಾ ಮೆತ್ತಗೆ ಮಾಡಿ, ಗಂಟು ದಾಟಿಸಿ ಬಳೆ ಏರಿಸುತ್ತಿದ್ದಳಂತೆ. ಒಂದೂ ಬಳೆ ಚಿಟ್ಟೆನ್ನುತ್ತಿರಲಿಲ್ಲವಂತೆ. ನಮ್ಮಲ್ಲಿಗೆ ಬಂದಾಗ ಅವಳ ಬೆರಳುಗಳು ಊದಿಕೊಂಡು ಮಡಚಲು ಬರುತ್ತಿರಲಿಲ್ಲ.

"ರೊಟ್ಟಿ ಬ್ಯಾರೆಯವ್ರ ಬಡೀಲಿ ಬಾಯಿ, ನಡೀತದ" ಅಂದಳು. "ಬಳಿ ಬ್ಯಾರೆಯವ್ರ ಇಟ್ರ ನಾ ಯಾಕ ಇರ್ಬೇಕ್ರಿ? ನನಗ ಈ ಕೈ ಬೇಕು."

"ಕೈ ನಿಂಗ ನಾ ಕೊಡ್ತೀನಿ ಆಪಾ" ಅಂದರು ಡಾಕ್ಟರಬಾಯಿ, ಅಕ್ಕಾ ಅನ್ನುವ ಹಾಗೆ. ಅಷ್ಟು ಖಚಿತವಾಗಿ ಮಾತು ಕೊಡುವ ಡಾಕ್ಟರರು ಈಗ ಸಿಗುವುದಿಲ್ಲ. ಊರೂರು ತಿರುಗುವ ಹೆಂಗಸು, ಬೇಗ ಬರಲಾಗದು ಅಂತ ಗುಳಿಗೆಯನ್ನೂ ಬಹಳ ವಾರಕ್ಕಾಗುವಷ್ಟು ಕೊಟ್ಟರು. ಬುಟ್ಟಿಯ ಠಸ್ಸೆ ತೋರಿಸಿ, "ಸಂತಿ ದಿನ ಇದು, ಸಂತಿ ಇಲ್ಲದ ದಿನ ಅದು. ತಿಳೀತಾ?" ಅಂದರು.

"ತಿಳೀತ್ರಿ" ಅಂದಳು ಖಾಜಾಬಿ.

ಎರಡು ವಾರ ಕಳೆದಿರಬೇಕು. ಒಂದು ಮುಂಜಾನೆ ಯಾರೋ ಅವಳನ್ನು ಟಂಟಂ ಗಾಡಿಯಲ್ಲಿ ಮಲಗಿಸಿಕೊಂಡು ಬಂದರು. ಜ್ವರ ಸುಡುತ್ತಿತ್ತು. ಬಾಯೊಳಗೆಲ್ಲ ಹುಣ್ಣು, ನೀರು ಗುಟುಕರಿಸಲೂ ಆಗದು. ಆ ಬಾಯಿಬಡುಕಿ ಸನ್ನೆ ಮಾಡುತ್ತಿದ್ದಳು. ನಾನು ರಕ್ತ ತೆಗೆದು ನೋಡಿದೆ. ಬಿಳಿ ಕಣ ಇರಬೇಕಾದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಓಡಿಹೋಗಿ ಹೇಳಿದೆ.

ಡಾಕ್ಟರಬಾಯಿ ಅವಳ ಪಕ್ಕ ಬಗ್ಗಿ ನಿಂತು ಕೇಳಿದರು. "ಆಪಾ, ಗುಳಿಗಿ ಯಾವಾಗ ತಗೊಂಡಿ?"

ತೊದಲುತ್ತಾ ಹೇಳಿದಳು. "ನೀವ ಹೇಳಿದಂಗೇ ಬಾಯಿ. ಸಂತಿ ದಿನ."

"ಯಾವ ಸಂತಿ?"

"ಎಲ್ಲಾ ಸಂತಿ. ಒಂದಿನ ಸುರಪುರ, ಒಂದಿನ ಶಹಾಪುರ, ಒಂದಿನ ಯಾದಗಿರಿ, ಒಂದಿನ ಸೈದಾಪುರ... ಜುಮ್ಮಾ ದಿನ ಒಂದೇ ಮನ್ಯಾಗ. ಆವತ್ತ ಇನ್ನೊಂದು."

ಬಳೆಗಾರ್ತಿಗೆ ದಿನಾ ಸಂತೆ! ರೈತರ ಹೆಂಗಸರಿಗೆ ಸಂತೆ ಅಂದರೆ ವಾರದ ಒಂದು ದಿನ. ಸಂತೆಯಲ್ಲೇ ಬದುಕುವವಳಿಗೆ ಅದು ಎಲ್ಲ ದಿನ. ವಿಷವನ್ನು ವಾರಕ್ಕೆ ಆರು ದಿನ ನುಂಗಿ, ವಿಷದಿಂದ ಕಾಯುವ ಗುಳಿಗೆಯನ್ನು ಜುಮ್ಮಾ ಅಂದರೆ ಶುಕ್ರವಾರ ಮಾತ್ರ ನುಂಗಿದ್ದಳು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು.

ಡಾಕ್ಟರಬಾಯಿಯ ಮುಖ ಬಿಳಿಚಿದ್ದನ್ನು ನಾನು ಅದೇ ಮೊದಲು, ಅದೇ ಕೊನೆ ನೋಡಿದ್ದು. ಒಂದು ಗಳಿಗೆ ಅಷ್ಟೇ. ಆಮೇಲೆ ಎರಡಾಳಿನ ದನಿಯಲ್ಲಿ ಅಂಬುಲೆನ್ಸ್ ಕರೆಸಿದರು, ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಫೋನು ಮಾಡಿ ವಿಷ ಇಳಿಸುವ ಇಂಜೆಕ್ಷನ್ ತಯಾರಿಡಿಸಿದರು, ಹೊರಗೆ ತುಂಬಿದ್ದ ಪೇಷಂಟುಗಳಿಗೆ "ಇವತ್ತ ಹೋಗ್ರಿ" ಅಂದು ತಾವೇ ಹತ್ತಿ ಕೂತರು. ನನ್ನನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಖಾಜಾಬಿಯ ಕೈ ಹಿಡಿದಿದ್ದರು. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, "ತಿಳೀತಾ ಅಂತ ಕೇಳಿದೆ, ತಿಳೀತ್ರಿ ಅಂದ್ಲು. ಅಪ್ಪ ಇದ್ದಿದ್ರ ನನ್ನ ಕಪಾಳಕ್ಕ ಬಾರಿಸ್ತಿದ್ದ" ಅಂದರು.

ಖಾಜಾಬಿ ಬದುಕಿದಳು. ಗಟ್ಟಿ ಜೀವ. ಅವಳು ಕಣ್ಣು ಬಿಟ್ಟು ಗಂಜಿ ಕುಡಿದ ದಿನ ಡಾಕ್ಟರಬಾಯಿ ಮಂಚದ ಪಕ್ಕ ನಿಂತು ನೇರ ಹೇಳಿದರು: "ತಪ್ಪು ನಂದು ಆಪಾ." ಖಾಜಾಬಿ ಗೋಡೆಯ ಕಡೆ ಹೊರಳಿ ಮಲಗಿದಳು. ಆಮೇಲೆ ಊರಿಗೆ ಹೋದವಳು ನಮ್ಮ ಕಡೆ ತಲೆ ಹಾಕಲಿಲ್ಲ.

ವಾಪಸು ಬಂದ ಮರುದಿನವೇ ಬುಟ್ಟಿಯ ಠಸ್ಸೆ ಕಸಕ್ಕೆ ಹೋಯಿತು. ಅಂದಿನಿಂದ ಹೊಸ ನೇಮ. ಪೇಷಂಟು ತಾನು ಯಾವ ಗುಳಿಗೆ, ಯಾವ ವಾರ, ಎಷ್ಟು ಅನ್ನುವುದನ್ನು ತನ್ನ ಬಾಯಿಂದಲೇ ಹೇಳಬೇಕು. "ತಿಳೀತ್ರಿ" ಅಂದರೆ ಸಾಲದು. "ತಿರುಗಿ ಹೇಳು." ತಹಶೀಲ್ದಾರ ಬಂದರೂ ಅಷ್ಟೇ, ಹತ್ತಿ ಬಿಡಿಸುವಾಕೆ ಬಂದರೂ ಅಷ್ಟೇ. ಒಬ್ಬ ವಕೀಲ ಸಾಹೇಬರಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ನಾ ಏನ ಸಣ್ಣ ಹುಡುಗ ಏನ್ರಿ?" ಅಂದರು. "ಸಣ್ಣ ಹುಡುಗ ಆಗಿದ್ರ ಒಮ್ಮಿಗೇ ಹೇಳ್ತಿದ್ದ" ಅಂದರು ಈಕೆ. ನಾವು ಲ್ಯಾಬಿನವರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನನಗಂತೂ ಮನೆಯಲ್ಲಿ ಹೆಂಡತಿ ಕೊತ್ತಂಬರಿ ತರಲು ಹೇಳಿದರೂ ತಿರುಗಿ ಹೇಳುವ ಅಭ್ಯಾಸವಾಯಿತು.

ಇಷ್ಟಾದರೂ ಅವರ ಜೀವ ಖಾಜಾಬಿಯ ಬೆರಳಿಗೇ ಅಂಟಿಕೊಂಡಿತ್ತು. ಕೈ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದರಲ್ಲ. ಕೆಲವು ತಿಂಗಳು ಕಾದರು. ಒಂದು ದಿನ "ನಡಿ ತಮ್ಮಾ, ಬಳಿ ಇಡಿಸಿಕೊಂಡು ಬರೋಣು" ಅಂತ ನನ್ನನ್ನು ಸುರಪುರದ ಸಂತೆಗೆ ಕರೆದುಕೊಂಡು ಹೋದರು.

ಖಾಜಾಬಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಬೆರಳು ಮೊದಲಿಗಿಂತ ಊದಿದ್ದವು. ಹೆಂಗಸರು ನಿಂತು ಅವಳ ಕೈ ನೋಡಿ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಡಾಕ್ಟರಬಾಯಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಕೈ ಚಾಚಿದರು.

"ಬಳಿ ಇಡು ಆಪಾ."

ಖಾಜಾಬಿ ಹಸಿರು ಬಳೆ ತೆಗೆದಳು. ಒತ್ತಲು ಹೋದಳು, ಬೆರಳಿಗೆ ಬಲವಿಲ್ಲ. ಬಳೆ ಚಿಟ್ಟೆಂದಿತು. ಇನ್ನೊಂದು ತೆಗೆದಳು, ಅದೂ ಒಡೆಯಿತು. ಆಕೆಯ ಕಣ್ಣಲ್ಲಿ ನೀರು ಬಂತು.

"ನೋಡಿದ್ರೇನು? ಇದಕ್ಕ ಬಂದ್ರೇನು?"

"ಇದಕ್ಕೇ ಬಂದೀನಿ. ತಪ್ಪು ನಂದು. ನೀ ನನ್ನ ಮಾತ ಕೇಳಬ್ಯಾಡ, ಈ ಸಲ ನಾ ನಿನ್ನ ಮಾತ ಕೇಳ್ತೀನಿ. ಹೊಸಾ ಇಂಜೆಕ್ಷನ್ ಬಂದದ. ಎಲ್ಲಾ ಸುದ್ದಿ ಅಲ್ಲ, ಒಂದೇ ಸುದ್ದಿ ಹಿಡೀತದ. ಟಿಎನ್‌ಎಫ್ ಅಂತ ಅದರ ಹೆಸರು. ಅದು ಕೀಲಿಗೆ ಮುಟ್ಟೂದ್ರಾಗ ಹಿಡದು ನಿಲ್ಲಸ್ತದ."

ಖಾಜಾಬಿ ಕಣ್ಣೊರೆಸಿಕೊಂಡು ಕೇಳಿದಳು. "ಅದು ನಿಂತ್ರ ಬ್ಯಾರೆ ಏನೂ ಕೆಡಂಗಿಲ್ಲೇನು?"

"ಕೆಡ್ತದ. ಮೈಯಾಗ ಕ್ಷಯದ ಕ್ರಿಮಿ ಮಲಗಿದ್ರ ಅದನ್ನ ಕಾಯೂದೂ ಅದೇ ಸುದ್ದಿ. ಕಾವಲ ತಗದ್ರ ಅದು ಏಳ್ತದ. ನಿನ್ನ ಗಂಡ ಅದ್ರಿಂದಾನೇ ಹೋದ. ಅದಕ್ಕ ಮೊದಲ ತಪಾಸಣಿ. ಇದ್ರ ಮೊದಲ ಅದಕ್ಕ ದವಾ, ಆಮ್ಯಾಲ ಇದು. ಇದೂ ಎಲ್ಲಾರಿಗೂ ಹತ್ತಂಗಿಲ್ಲ. ನಿನಗ ಹತ್ತತದ ಅಂತ ನನ್ನ ನಂಬಿಕಿ."

"ಈ ಸಲ ಕೆಡೂದೂ ಹೇಳಾಕತ್ತೀರಿ" ಅಂದಳು ಖಾಜಾಬಿ. "ಬರ್ತೀನಿ. ಜುಮ್ಮಾ ದಿನ ಬರ್ತೀನಿ. ಯಾಕಂದ್ರ ಅದೊಂದೇ ದಿನ ನನಗ ಸಂತಿ ಇಲ್ಲ" ಅಂದಳು. ಕೊನೆಯ ಮಾತು ತುಸು ಚುಚ್ಚುವಂತಿತ್ತು. ಡಾಕ್ಟರಬಾಯಿ ತಲೆ ತಗ್ಗಿಸಿ ಅದನ್ನು ಸಹಿಸಿಕೊಂಡರು.

ತಪಾಸಣೆಯಲ್ಲಿ ಮಲಗಿದ್ದ ಕ್ಷಯ ಸಿಕ್ಕೇಬಿಟ್ಟಿತು. ಮೊದಲು ಅದಕ್ಕೆ ಔಷಧ ನಡೆಯಿತು. ಇಂಜೆಕ್ಷನ್ ದುಬಾರಿ, ಅದನ್ನು ಡಾಕ್ಟರಬಾಯಿ ಎಲ್ಲೆಲ್ಲಿ ಜಗಳ ತೆಗೆದು ಹೊಂದಿಸಿದರು ಅನ್ನುವುದು ಬೇರೆಯೇ ಕತೆ. ಹೈದರಾಬಾದಿನಿಂದ ರೈಲಿನಲ್ಲಿ ತಂಪು ಡಬ್ಬಿಯಲ್ಲಿ ಯಾದಗಿರಿಗೆ ಬರುತ್ತಿತ್ತು. ಬಿಸಿಲು ತಾಗಬಾರದು, ಹೆಪ್ಪುಗಟ್ಟಲೂಬಾರದು. ನಾನು ಸ್ಟೇಷನ್ನಿಗೆ ಹೋಗಿ ಕೂಸನ್ನು ಎತ್ತಿಕೊಂಡ ಹಾಗೆ ತರುತ್ತಿದ್ದೆ. ಖಾಜಾಬಿ ಒಂದು ಜುಮ್ಮಾ ಬಿಟ್ಟು ಒಂದು ಜುಮ್ಮಾ ಬಂದು, "ಈ ಜುಮ್ಮಾ ಅದ, ಬರೂ ಜುಮ್ಮಾ ಇಲ್ಲ, ಅದರಾಚಿದು ಅದ" ಅಂತ ಕೇಳುವ ಮೊದಲೇ ತಿರುಗಿ ಹೇಳಿ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಳು.

ನಾನು ಲ್ಯಾಬಿನಲ್ಲಿ ಸಿಆರ್‌ಪಿ ನೋಡುತ್ತಿದ್ದೆ. ಉರಿಯೂತದ ಸುದ್ದಿ ಲಿವರಿಗೆ ಮುಟ್ಟಿದಷ್ಟೂ ರಕ್ತದಲ್ಲಿ ಅದು ಏರುತ್ತದೆ. ಸುದ್ದಿ ನಿಂತರೆ ಇಳಿಯುತ್ತದೆ. ಇಳಿಯಿತು. ಖುಷಿಯಿಂದ ಓಡಿಹೋಗಿ ತೋರಿಸಿದೆ. ಡಾಕ್ಟರಬಾಯಿ ಅದನ್ನು ನೋಡಿ, "ಛಲೋ ಆತು" ಅಂದು, ಖಾಜಾಬಿಯ ಮುಂದೆ ತಮ್ಮ ಕೈ ಚಾಚಿದರು. ಅದು ಅವರ ಇನ್ನೊಂದು ತಪಾಸಣೆ. ಪ್ರತಿ ಸಲ ಬಳೆ ಏರಿಸಬೇಕು. ಮೊದಮೊದಲು ಒಡೆದವು. ಆಮೇಲೆ ಒಂದು ಏರಿತು. ಆಮೇಲೆ ಎರಡು. ಮುಗಿದ ಮೇಲೆ ಡಾಕ್ಟರಬಾಯಿ ಬಳೆಗಳನ್ನು ಬಿಚ್ಚಿ ಬುಟ್ಟಿಗೆ ವಾಪಸು ಹಾಕುವರು. "ನನಗ್ಯಾಕ ಬೇಕು, ಪೇಷಂಟಿಗಿ ಚುಚ್ಚತಾವ" ಅನ್ನುವರು. ವರ್ಷ ತುಂಬುವುದರೊಳಗೆ ಖಾಜಾಬಿ ಸಂತೆಯಲ್ಲಿ ತನ್ನ ಜಾಗದಲ್ಲಿ ಬಾಯಿ ಮಾಡುತ್ತಾ ಕೂತಿದ್ದಳು.

ಕೊನೆಕೊನೆಗೆ ಡಾಕ್ಟರಬಾಯಿಯ ಹೃದಯ ಕೈಕೊಟ್ಟಿತು. ಆಸ್ಪತ್ರೆ ಮುಚ್ಚುವ ದಿನ ನಾನು ಲ್ಯಾಬಿನ ಸಾಮಾನು ಕಟ್ಟುತ್ತಿದ್ದೆ. ಖಾಜಾಬಿ ಬುಟ್ಟಿ ಹಿಡಿದುಕೊಂಡು ಬಂದಳು. ಜುಮ್ಮಾ ಅಲ್ಲ, ಸಂತೆಯ ದಿನ. ಸಂತೆ ಬಿಟ್ಟು ಬಂದಿದ್ದಳು.

"ಇಂಜೆಕ್ಷನ್ ಬಿಡಬ್ಯಾಡ" ಅಂದರು ಡಾಕ್ಟರಬಾಯಿ. "ಕಲಬುರಗಿ ಡಾಕ್ಟರಿಗಿ ಎಲ್ಲಾ ಹೇಳೀನಿ. ಜ್ವರ ಬಂದ್ರ, ಕೆಮ್ಮು ಹತ್ತಿ ಕುಂತ್ರ ಸೂಜಿ ಮಾಡಿಸ್ಕೋಬ್ಯಾಡ, ಮೊದಲ ಅವ್ರಿಗಿ ತೋರಿಸು. ತಿರುಗಿ ಹೇಳು."

ಖಾಜಾಬಿ ಅಕ್ಷರ ಬಿಡದೆ ತಿರುಗಿ ಹೇಳಿದಳು. ಡಾಕ್ಟರಬಾಯಿ ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, "ಆಪಾ, ಆವತ್ತ ನಾ ಮಾಡಿದ್ದು..." ಅಂತ ಶುರು ಮಾಡಿದರು.

"ಮತ್ತ ಅದೇ ಮಾತೇನ್ರಿ! ಎಷ್ಟ ವರ್ಷ ಆತು? ಕೈ ತರ್ರಿ ಇಲ್ಲಿ."

ಹಸಿರು ಬಳೆ ಒಂದೊಂದಾಗಿ ಏರಿದವು. ಖಾಜಾಬಿಯ ಹೆಬ್ಬೆರಳು ಆ ಮುದಿ ಕೈಯ ಗಂಟನ್ನು ಒತ್ತಿ, ಮಡಚಿ, ದಾಟಿಸುತ್ತಿತ್ತು. ಒಂದೂ ಚಿಟ್ಟೆನ್ನಲಿಲ್ಲ. ಕೊನೆಯ ಬಳೆಯನ್ನು ಮಾತ್ರ ಗಂಟಿನ ಹತ್ತಿರ ತಂದು ನಿಲ್ಲಿಸಿಬಿಟ್ಟಳು.

"ಈಗ ನಾ ಹೇಳ್ತೀನಿ, ನೀವ ತಿರುಗಿ ಹೇಳ್ರಿ. ಖಾಜಾಬಿ ಮಾಫ್ ಮಾಡ್ಯಾಳ."

"ಆಪಾ..."

"ಆಪಾ ಅಲ್ರಿ. ನಾ ಅಂದದ್ದು ಹೇಳ್ರಿ. ತಿರುಗಿ ಹೇಳಲಿಲ್ಲಂದ್ರ ಸುದ್ದಿ ಮುಟ್ಟಿಲ್ಲ ಅಂತ ನೀವೇ ಅಂದೀರಿ. ಹೇಳೂತನಕ ನಾ ಬಳಿ ಏರಸಂಗಿಲ್ಲ."

ಎರಡಾಳಿನ ಆ ದನಿ ಎಲ್ಲಿ ಹೋಗಿತ್ತೋ. ನಾನು ಕಟ್ಟುತ್ತಿದ್ದ ಡಬ್ಬಿ ಕೈಯಲ್ಲೇ ಉಳಿಯಿತು. ಡಾಕ್ಟರಬಾಯಿ ತಮ್ಮ ಕೈ ಹಿಡಿದಿದ್ದ ಬೆರಳುಗಳನ್ನು ನೋಡಿದರು.

"ಖಾಜಾಬಿ ಮಾಫ್ ಮಾಡ್ಯಾಳ" ಅಂದರು.

"ಹಾಂ. ಮುಟ್ಟತು" ಅಂದಳು ಖಾಜಾಬಿ. ಬಳೆ ಗಂಟು ದಾಟಿತು.

ಆ ಸಲ ಡಾಕ್ಟರಬಾಯಿ ಬಳೆಗಳನ್ನು ಬಿಚ್ಚಿ ಬುಟ್ಟಿಗೆ ಹಾಕಲಿಲ್ಲ. ಹಾಕಿಕೊಂಡೇ ಮನೆಗೆ ಹೋದರು.